ಹಳೆಯ ಜೀಪಿನ ಪ್ರೊಪೆಲ್ಲರ್ ಶಾಫ್ಟ್: ಕ್ರಾಸ್ ಬದಲಿಸುವುದೋ, ಲೇತಿಗೆ ಕೊಡುವುದೋ, ಹೊಸದನ್ನೇ ಹಾಕಿಸುವುದೋ?

ಮಲೆನಾಡಿನ ಮತ್ತು ಕೊಡಗಿನ ಕಾಫಿ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಮಾರುತಿ ಜಿಪ್ಸಿ, ಮಹೀಂದ್ರ ಎಂಎಂ 540 ಮುಂತಾದ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ಎಂಜಿನ್ನಿಗಿಂತ ಮೊದಲು ಸವೆಯುವುದು ಸಾಮಾನ್ಯವಾಗಿ ಶಕ್ತಿಯನ್ನು ಚಕ್ರದವರೆಗೆ ಒಯ್ಯುವ ಶಾಫ್ಟುಗಳ ಕೀಲುಗಳು. ಫಸ್ಟ್ ಗೇರಿನಿಂದ ರಿವರ್ಸಿಗೆ ಹೋಗುವಾಗ ಗಾಡಿಯ ಅಡಿಯಿಂದ ‘ಟಣ್’ ಎಂಬ ಸದ್ದು ಬರತೊಡಗಿದರೆ, ಅಥವಾ ಹೆದ್ದಾರಿಯಲ್ಲಿ ಒಂದು ವೇಗ ದಾಟಿದೊಡನೆ ಸೀಟಿನ ಕೆಳಗೆ ಝುಮ್ಮೆನ್ನುವ ಕಂಪನ ಕಾಣಿಸಿಕೊಂಡರೆ, ಒಂದು ಗ್ಯಾರೇಜಿನವರು ಕ್ರಾಸ್ (ಕೀಲಿನ ನಡುವೆ ಕೂರುವ, ಕೂಡಿಸುವ ಚಿಹ್ನೆಯಂಥ ನಾಲ್ಕು ಕಾಲಿನ ಉಕ್ಕಿನ ತುಂಡು) ಹೋಗಿದೆ ಎನ್ನುತ್ತಾರೆ, ಇನ್ನೊಬ್ಬರು ಶಾಫ್ಟನ್ನೇ ಬದಲಿಸಿ ಎನ್ನುತ್ತಾರೆ, ಮತ್ತೊಬ್ಬರು ಗುಜರಿಯಿಂದ ತರಿಸಿಕೊಡುತ್ತೇನೆ ಎನ್ನುತ್ತಾರೆ. ಮೂವರ ಮಾತೂ ಸರಿಯಿರಬಹುದು. ಯಾವುದು ನಮ್ಮ ಗಾಡಿಗೆ ಸರಿ ಎಂಬುದು ಮಾತ್ರ ಎರಡೇ ಸಂಗತಿಗಳಿಂದ ತೀರ್ಮಾನವಾಗುತ್ತದೆ: ಸವೆದಿರುವ ಭಾಗ ಯಾವುದು, ಮತ್ತು ಆ ಗಾಡಿ ಬಹುಪಾಲು ಯಾವ ವೇಗದಲ್ಲಿ ಓಡುತ್ತದೆ. ಬೆಲೆಯ ವಿಚಾರವನ್ನು ಇವೆರಡೂ ಗೊತ್ತಾದ ಮೇಲೆ ಎತ್ತಿಕೊಳ್ಳುವುದು ಒಳ್ಳೆಯದು.

ಮೊದಲು ಗಾಡಿಯ ಅಡಿಯಲ್ಲಿ ಎಷ್ಟು ಶಾಫ್ಟುಗಳಿವೆ ಎಂಬುದನ್ನು ನೋಡಿಕೊಳ್ಳಬೇಕು. ಎಂಎಂ 540ರಲ್ಲಿ, ಎಂಜಿನ್ನಿನ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸಿನ ಬೆನ್ನಿಗೇ ಅಂಟಿಕೊಂಡಿರುವುದರಿಂದ ಮುಂದಕ್ಕೊಂದು, ಹಿಂದಕ್ಕೊಂದು ಎಂದು ಎರಡೇ ಪ್ರೊಪೆಲ್ಲರ್ ಶಾಫ್ಟುಗಳಿರುತ್ತವೆ. 1985ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದು ಮೂರು ದಶಕಗಳಿಗೂ ಹೆಚ್ಚು ಕಾಲ ತಯಾರಾದ ಜಿಪ್ಸಿಯ ವಿನ್ಯಾಸ ಬೇರೆ. ಅದರ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸಿನಿಂದ ಪ್ರತ್ಯೇಕವಾಗಿ, ರಬ್ಬರ್ ಮೌಂಟುಗಳ ಮೇಲೆ ಚಾಸಿಗೆ ತೂಗಿಕೊಂಡಿರುತ್ತದೆ. ಇವೆರಡನ್ನು ಜೋಡಿಸಲು ನಡುವೆ ಒಂದು ಗಿಡ್ಡ ಶಾಫ್ಟ್ ಇರುತ್ತದೆ. ಹೀಗಾಗಿ ಜಿಪ್ಸಿಯಲ್ಲಿ ಒಟ್ಟು ಮೂರು ಶಾಫ್ಟುಗಳು. ಈ ಗಿಡ್ಡ ಶಾಫ್ಟನ್ನು ಬಹಳ ಗ್ಯಾರೇಜುಗಳು ನೋಡುವುದೇ ಇಲ್ಲ, ಆದರೆ ಮೂರರಲ್ಲಿ ಅತಿ ವೇಗವಾಗಿ ತಿರುಗುವುದು ಅದೇ, ಏಕೆಂದರೆ ಸುಜುಕಿಯ ಈ ಟ್ರಾನ್ಸ್‌ಫರ್ ಕೇಸ್ ಹೈ ರೇಂಜಿನಲ್ಲಿಯೂ (ಸಾಮಾನ್ಯ ಓಟದ ಗೇರ್ ಹಂತ) ವೇಗವನ್ನು ಒಂದಿಷ್ಟು ತಗ್ಗಿಸಿಯೇ ಮುಂದಕ್ಕೆ ಕೊಡುತ್ತದೆ. ರಬ್ಬರ್ ಮೌಂಟುಗಳು ಹಳತಾಗಿ ಕುಸಿದರೆ ಟ್ರಾನ್ಸ್‌ಫರ್ ಕೇಸ್ ಓರೆಯಾಗುತ್ತದೆ, ಗಿಡ್ಡ ಶಾಫ್ಟಿನ ಕೋನ ಕೆಡುತ್ತದೆ, ಹೊಸ ಕ್ರಾಸ್ ಹಾಕಿದರೂ ಅದು ಬೇಗನೆ ಮತ್ತೆ ಸವೆಯುತ್ತದೆ. ಆದ್ದರಿಂದ ಜಿಪ್ಸಿಯ ಮಾಲೀಕರು ಶಾಫ್ಟಿಗೆ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಮೌಂಟುಗಳನ್ನು ನೋಡಿಸಬೇಕು. ಬಿರುಕು ಬಿಟ್ಟ, ಎಣ್ಣೆ ಕುಡಿದು ಉಬ್ಬಿದ ಮೌಂಟುಗಳಿದ್ದರೆ ಮೊದಲ ಖರ್ಚು ಅವುಗಳದೇ.

ಅಡಿಗೆ ಹೋಗುವ ಮುನ್ನ

ಪರೀಕ್ಷೆ ಮಾಡಲು ಸಮತಟ್ಟಾದ, ಗಟ್ಟಿಯಾದ ನೆಲ ಬೇಕು. ಶಾಫ್ಟಿನಲ್ಲಿರುವ ಆಟ, ಅಂದರೆ ಸಡಿಲ ಅಲುಗಾಟ, ಕೈಗೆ ಸಿಗಬೇಕಾದರೆ ಗಾಡಿ ನ್ಯೂಟ್ರಲ್‌ನಲ್ಲಿರಬೇಕಾಗುತ್ತದೆ. ನ್ಯೂಟ್ರಲ್‌ನಲ್ಲಿರುವ ಗಾಡಿ ಉರುಳುತ್ತದೆ. ಜೊತೆಗೆ ಹಳೆಯ ಜೀಪುಗಳಲ್ಲಿ ಕೆಲವಕ್ಕೆ ಹ್ಯಾಂಡ್ ಬ್ರೇಕ್ ಇರುವುದು ಹಿಂದಿನ ಚಕ್ರಗಳಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಯ ಒಂದು ಡ್ರಮ್ಮಿನಲ್ಲಿ. ಅಂಥ ಗಾಡಿಯಲ್ಲಿ ಹಿಂದಿನ ಶಾಫ್ಟನ್ನು ಬಿಚ್ಚಿದ ಮರುಕ್ಷಣವೇ ಹ್ಯಾಂಡ್ ಬ್ರೇಕಿಗೂ ಹಿಂದಿನ ಚಕ್ರಕ್ಕೂ ಇದ್ದ ಸಂಬಂಧ ಕಡಿದುಹೋಗುತ್ತದೆ, ಲಿವರ್ ಎಷ್ಟೇ ಎಳೆದಿದ್ದರೂ ಗಾಡಿ ನಿಲ್ಲುವುದಿಲ್ಲ. ಆದ್ದರಿಂದ ಚಕ್ರಗಳಿಗೆ ಎರಡೂ ಕಡೆಯಿಂದ ಮರದ ತುಂಡು ಕೊಟ್ಟು, ಎತ್ತಬೇಕಿದ್ದರೆ ಜಾಕನ್ನು ನಂಬದೆ ಸ್ಟ್ಯಾಂಡಿನ ಮೇಲೆ ಕೂರಿಸಿಯೇ ಕೆಳಗೆ ನುಗ್ಗಬೇಕು. ತೋಟದ ಇಳಿಜಾರಿನಲ್ಲಿ ಈ ಕೆಲಸ ಬೇಡ.

ಇನ್ನೊಂದು ಮಾತು, ಇದು ಸಣ್ಣದೆನಿಸಿದರೂ ದೊಡ್ಡ ಖರ್ಚು ಉಳಿಸುತ್ತದೆ: ಕಂಪನದ ದೂರಿದ್ದರೆ ಮೊದಲು ಶಾಫ್ಟನ್ನು ತೊಳೆಯಿರಿ. ಮಳೆಗಾಲದಲ್ಲಿ ಶಾಫ್ಟಿನ ಕೊಳವೆಯ ಒಂದು ಮೈಗೆ ಮೆತ್ತಿ ಒಣಗಿದ ಕೆಂಪು ಮಣ್ಣು, ಅಥವಾ ಚಾಸಿಗೆ ಕಪ್ಪು ಲೇಪನ ಹೊಡೆಯುವಾಗ ಶಾಫ್ಟಿನ ಮೇಲೂ ಬಿದ್ದ ದಪ್ಪ ಪದರ, ಸಮತೋಲವನ್ನು ಕೆಡಿಸಲು ಸಾಕು. ತೊಳೆದ ಮೇಲೆ ಕೊಳವೆಯ ಮೇಲೆ ಬೆಸುಗೆ ಹಾಕಿರುವ ಚಿಕ್ಕ ತಗಡಿನ ಬ್ಯಾಲೆನ್ಸ್ ತುಂಡುಗಳು ಇವೆಯೇ, ಅಥವಾ ಎಲ್ಲೋ ಕಲ್ಲಿಗೆ ಬಡಿದು ಕಿತ್ತುಹೋಗಿ ಕೇವಲ ಬೆಸುಗೆಯ ಗುರುತು ಉಳಿದಿದೆಯೇ ಎಂಬುದೂ ಕಾಣುತ್ತದೆ.

ಸವೆತವನ್ನು ಓದುವ ಬಗೆ

ಒಂದು ಕೈಯನ್ನು ಕ್ರಾಸಿನ ಈಚೆಗೆ ಶಾಫ್ಟಿನ ಮೇಲೆ, ಇನ್ನೊಂದು ಕೈಯನ್ನು ಆಚೆಯ ಯೋಕಿನ (ಕ್ರಾಸನ್ನು ಹಿಡಿದಿರುವ ಕವಲು) ಮೇಲೆ ಇಟ್ಟು, ಎರಡನ್ನೂ ವಿರುದ್ಧ ದಿಕ್ಕಿಗೆ ತಿರುಚಿ ನೋಡಬೇಕು. ಆಮೇಲೆ ಶಾಫ್ಟನ್ನು ಮೇಲಕ್ಕೆ ಕೆಳಕ್ಕೆ ಅಲುಗಿಸಬೇಕು. ಕ್ರಾಸಿನಲ್ಲಿ ಕೈಗೆ ತಿಳಿಯುವಷ್ಟು ಆಟ ಇರಲೇಬಾರದು; ಇದ್ದರೆ ಅದು ಮುಗಿದಿದೆ, ಗ್ರೀಸ್ ತುಂಬಿದರೆ ಸದ್ದು ನಾಲ್ಕು ದಿನ ಅಡಗುತ್ತದೆಯೇ ಹೊರತು ಸವೆದ ಉಕ್ಕು ಬೆಳೆಯುವುದಿಲ್ಲ. ಕ್ರಾಸಿನ ಪ್ರತಿ ಕಾಲಿಗೂ ತೊಡಿಸಿರುವ ಬೇರಿಂಗ್ ಕಪ್ಪಿನ ಬಾಯಲ್ಲಿ ಕುಂಕುಮದಂಥ ಒಣ ಕೆಂಪು ಪುಡಿ ಕಂಡರೆ, ಒಳಗಿನ, ಸೂಜಿಯಂಥ ಸಣ್ಣ ರೋಲರುಗಳ ನೀಡಲ್ ಬೇರಿಂಗಿಗೆ ನೀರು ಹೊಕ್ಕು, ಗ್ರೀಸ್ ಕೊಚ್ಚಿಹೋಗಿ, ಉಕ್ಕು ಉಕ್ಕನ್ನೇ ಅರೆಯುತ್ತಿದೆ ಎಂದು ಅರ್ಥ. ನಿಧಾನವಾಗಿ ಗಾಡಿ ಹೊರಟಾಗ ಹಕ್ಕಿ ಕೂಗಿದಂತೆ ಚಿಂವ್ ಚಿಂವ್ ಎನ್ನುವ ಸದ್ದು ಬರುತ್ತಿದ್ದರೆ ಅದೂ ಇದೇ ಹಂತದ ಸೂಚನೆ.

ಆಟವೇ ಇಲ್ಲದೆಯೂ ಕ್ರಾಸ್ ಕೆಟ್ಟಿರಬಹುದು, ಇದನ್ನು ಗಾಡಿಯ ಅಡಿಯಲ್ಲಿ ಮಲಗಿ ಕಂಡುಹಿಡಿಯುವುದು ಕಷ್ಟ. ಶಾಫ್ಟನ್ನು ಬಿಚ್ಚಿ ಮೇಜಿನ ಮೇಲಿಟ್ಟು ಕೀಲನ್ನು ಎರಡೂ ದಿಕ್ಕಿಗೆ ನಿಧಾನವಾಗಿ ಬಾಗಿಸಿದಾಗ ಅದು ಎಲ್ಲ ಕಡೆಯೂ ಒಂದೇ ಸಮನಾದ, ತುಸು ಬಿಗಿಯಾದ ಚಲನೆಯನ್ನು ತೋರಬೇಕು. ನಡುಭಾಗಕ್ಕೆ ಬಂದಾಗ ಗುಳಿಯಲ್ಲಿ ಬಿದ್ದಂತೆ ತಡೆದು ನಿಂತು, ಮತ್ತೆ ಬಲ ಹಾಕಿದರೆ ಮಾತ್ರ ಮುಂದೆ ಸರಿಯುತ್ತದೆ ಎಂದಾದರೆ, ನೀಡಲ್‌ಗಳು ಕ್ರಾಸಿನ ಕಾಲುಗಳ ಮೇಲೆ ಒಂದೇ ಜಾಗದಲ್ಲಿ ಒತ್ತಿ ಒತ್ತಿ ಗೆರೆಗಳನ್ನು ಕೊರೆದಿವೆ. ಲೋ ರೇಂಜಿನಲ್ಲಿ (ನಿಧಾನ, ಹೆಚ್ಚು ಬಲದ ಹಂತ) ಭಾರ ಎಳೆದ ತೋಟದ ಜೀಪುಗಳ ಹಿಂದಿನ ಶಾಫ್ಟಿನಲ್ಲಿ ಇದು ಸಾಮಾನ್ಯ.

ಮುಂದಿನ ಪರೀಕ್ಷೆ ಸ್ಪ್ಲೈನಿನದು. ಗಾಡಿ ಹೊಂಡ ಹತ್ತಿ ಇಳಿಯುವಾಗ ಶಾಫ್ಟಿನ ಉದ್ದ ಹಿಗ್ಗಿ ಕುಗ್ಗಲು ಅನುವು ಮಾಡಿಕೊಡುವ ಸ್ಲಿಪ್ ಜಾಯಿಂಟಿನ ಹಲ್ಲುಗಳಿವು. ಇಲ್ಲಿ ಕೂದಲೆಳೆಯಷ್ಟು ಆಟ ಹೊಸತರಲ್ಲೂ ಇರುತ್ತದೆ, ಅದರಿಂದ ಗಾಬರಿಯಾಗಬೇಕಿಲ್ಲ. ಆದರೆ ಜಾಯಿಂಟನ್ನು ಮೇಲೆತ್ತಿದಾಗ ಅದು ನಡುವೆ ಬಾಗಿದಂತೆ ಕಂಡರೆ, ಅಥವಾ ತಿರುಚಿದಾಗ ಹಲ್ಲು ಹಲ್ಲಿಗೆ ತಾಗುವ ಸದ್ದು ಬಂದರೆ, ಅದು ಕ್ರಾಸಿನ ಸವೆತಕ್ಕಿಂತ ಗಂಭೀರ. ಕ್ರಾಸ್ ಬದಲಿಸುವಂಥದು, ಸ್ಪ್ಲೈನ್ ಶಾಫ್ಟಿನ ಮೈಯದೇ ಭಾಗ. ನನ್ನ ಅಭಿಪ್ರಾಯದಲ್ಲಿ ಇಡೀ ಹೋಲಿಕೆಯ ಕವಲುದಾರಿ ಇದೇ: ಸ್ಪ್ಲೈನ್ ಚೆನ್ನಾಗಿದ್ದರೆ ಶಾಫ್ಟನ್ನು ಉಳಿಸಿಕೊಳ್ಳಬೇಕು, ಸ್ಪ್ಲೈನ್ ಹೋಗಿದ್ದರೆ ಹಳೆಯ ಶಾಫ್ಟಿಗೆ ಹೊಸ ಕ್ರಾಸ್ ಹಾಕಿಸುವುದು ಹಣ ಪೋಲು ಮಾಡಿದಂತೆ.

ಕೊಳವೆ ಬಾಗಿದೆಯೇ ಎಂದು ತಿಳಿಯಲು ಹಿಂದಿನ ಎರಡೂ ಚಕ್ರಗಳನ್ನು ಎತ್ತಿ ಸ್ಟ್ಯಾಂಡಿನ ಮೇಲಿಟ್ಟು, ಶಾಫ್ಟಿನ ನಡುಭಾಗದ ಬಳಿ ಒಂದು ಸೀಮೆಸುಣ್ಣವನ್ನು ಅಲುಗದಂತೆ ಹಿಡಿದು, ಇನ್ನೊಬ್ಬರು ಚಕ್ರವನ್ನು ಕೈಯಿಂದ ತಿರುಗಿಸುವಂತೆ ಮಾಡಬೇಕು. ಎಂಜಿನ್ ಚಾಲೂ ಮಾಡಿ ಇದನ್ನು ಮಾಡಲೇಬಾರದು. ಗುರುತು ಸುತ್ತಲೂ ಬಿದ್ದರೆ ಕೊಳವೆ ನೇರವಾಗಿದೆ, ಒಂದೇ ಬದಿಗೆ ಬಿದ್ದರೆ ಬಾಗಿದೆ. ಏರುಪೇರು ಅರ್ಧ ಮಿಲಿಮೀಟರನ್ನು ಮೀರಿದೆ ಎನಿಸಿದರೆ ಡಯಲ್ ಗೇಜ್ ಇರುವ ಕಡೆ ಅಳೆಯಿಸುವುದು ಒಳ್ಳೆಯದು.

ಕೊನೆಯದಾಗಿ ಡಿಫರೆನ್ಷಿಯಲ್ (ಆಕ್ಸಲ್ಲಿನ ನಡುವಿನ ಗೇರ್ ಪೆಟ್ಟಿಗೆ) ಕಡೆಯ ಫ್ಲ್ಯಾಂಜನ್ನು (ಶಾಫ್ಟನ್ನು ಬೋಲ್ಟ್ ಮಾಡುವ ಚಪ್ಪಟೆ ಬಿಲ್ಲೆ) ಹಿಡಿದು ಮೇಲೆ ಕೆಳಗೆ ಅಲುಗಿಸಬೇಕು. ಸುತ್ತಿನ ದಿಕ್ಕಿನಲ್ಲಿ ಸ್ವಲ್ಪ ಆಟ ಇರುವುದು ಸಹಜ, ಅದು ಒಳಗಿನ ಕ್ರೌನ್ ಮತ್ತು ಪಿನಿಯನ್ ಗೇರುಗಳ ಹಲ್ಲುಗಳ ನಡುವಿನ ಅಂತರ. ಮೇಲೆ ಕೆಳಗೆ ಅಲುಗಿದರೆ ಮಾತ್ರ ಪಿನಿಯನ್ ಬೇರಿಂಗ್ ಸವೆದಿದೆ, ಆಗ ಶಾಫ್ಟಿನ ಮೇಲೆ ತಪ್ಪು ಹೊರಿಸಿ ಪ್ರಯೋಜನವಿಲ್ಲ.

ಕಂಪನ ಎಲ್ಲಿಂದ ಬರುತ್ತಿದೆ ಎಂಬುದಕ್ಕೆ ರಸ್ತೆಯ ಮೇಲೂ ಒಂದು ಉಪಾಯವಿದೆ. ಕಂಪನ ಕಾಣುವ ವೇಗದಲ್ಲೇ ಗೇರ್ ಬದಲಿಸಿ ನೋಡಿ. ಎಂಜಿನ್ನಿನ ಸುತ್ತು ಬದಲಾದರೂ ಕಂಪನ ಹಾಗೆಯೇ ಇದ್ದರೆ ದೋಷವಿರುವುದು ಗೇರ್ ಬಾಕ್ಸಿನ ಆಚೆಗೆ, ಅಂದರೆ ಶಾಫ್ಟುಗಳಲ್ಲೋ ಚಕ್ರಗಳಲ್ಲೋ. ಮುಂದಿನ ಚಕ್ರಗಳಿಗೆ ಫ್ರೀ ವೀಲ್ ಹಬ್ (ಚಕ್ರವನ್ನು ಆಕ್ಸಲ್ಲಿನಿಂದ ಬಿಡಿಸುವ ಸಾಧನ) ಇರುವ ಗಾಡಿಯಾದರೆ ಹಬ್‌ಗಳನ್ನು ಬಿಡಿಸಿ ಓಡಿಸಿದಾಗ ಮುಂದಿನ ಶಾಫ್ಟ್ ತಿರುಗುವುದೇ ಇಲ್ಲ. ಆಗ ಕಂಪನ ಮಾಯವಾದರೆ ಅಪರಾಧಿ ಸಿಕ್ಕಂತೆ. ಹಬ್ ಇಲ್ಲದ ಗಾಡಿಯಲ್ಲಿ ಟೂ ವೀಲ್ ಡ್ರೈವಿನಲ್ಲಿದ್ದರೂ ಮುಂದಿನ ಶಾಫ್ಟನ್ನು ಚಕ್ರಗಳೇ ತಿರುಗಿಸುತ್ತಿರುತ್ತವೆ ಎಂಬುದನ್ನು ಮರೆಯಬಾರದು. ಅಲ್ಲಿ ಆ ಶಾಫ್ಟನ್ನು ಬಿಚ್ಚಿಟ್ಟು ಒಂದು ಸುತ್ತು ಹೋಗಿಬರುವುದೇ ದಾರಿ.

ವೇಗದ ಲೆಕ್ಕ

ಆಯ್ಕೆಗಳನ್ನು ತೂಗುವ ಮುನ್ನ ಒಂದು ಲೆಕ್ಕವನ್ನು ಮನಸ್ಸಿನಲ್ಲಿಡಬೇಕು. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್, ಆಕ್ಸಲ್ಲಿನ ಅನುಪಾತ ನಾಲ್ಕಕ್ಕೆ ಒಂದರ ಆಸುಪಾಸು (ಶಾಫ್ಟ್ ನಾಲ್ಕು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು) ಎಂದಿಟ್ಟುಕೊಂಡರೆ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹಿಂದಿನ ಶಾಫ್ಟ್ ನಿಮಿಷಕ್ಕೆ ಸುಮಾರು 2500 ಸುತ್ತು ತಿರುಗುತ್ತದೆ. 20 ಕಿಲೋಮೀಟರ್ ವೇಗದಲ್ಲಿ ಅದು 600ರ ಆಸುಪಾಸಿನಲ್ಲಿರುತ್ತದೆ. ಸಮತೋಲ ತಪ್ಪಿದ ಶಾಫ್ಟಿನ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ನಾಲ್ಕು ಪಟ್ಟಾದರೆ ಎಳೆತ ಹದಿನಾರು ಪಟ್ಟು. ತೋಟದೊಳಗೆ ಗೊಬ್ಬರ ಸಾಗಿಸುವ ಜೀಪಿನಲ್ಲಿ ಯಾರಿಗೂ ತಿಳಿಯದ ದೋಷ, ಅದೇ ಜೀಪು ಶಿರಾಡಿ ಘಾಟಿ ಇಳಿದು ಮಂಗಳೂರಿನ ರಸ್ತೆ ಹಿಡಿದಾಗ ಟ್ರಾನ್ಸ್‌ಫರ್ ಕೇಸಿನ ಆಯಿಲ್ ಸೀಲನ್ನೂ ಬೇರಿಂಗನ್ನೂ ತಿನ್ನತೊಡಗುತ್ತದೆ. ಲೇತ್ ಕೆಲಸ, ಗುಜರಿ ಶಾಫ್ಟ್ ಇವುಗಳ ವಿಷಯದಲ್ಲಿ ಕೇಳಿಬರುವ ಪರಸ್ಪರ ವಿರುದ್ಧವಾದ ಅನುಭವಗಳಿಗೆ ಬಹುಮಟ್ಟಿಗೆ ಕಾರಣ ಇದೇ.

ಆಯ್ಕೆ ಒಂದು: ಕ್ರಾಸ್ ಮಾತ್ರ

ಸ್ಪ್ಲೈನ್ ಗಟ್ಟಿಯಾಗಿದ್ದು, ಕೊಳವೆ ನೇರವಾಗಿದ್ದು, ಯೋಕಿನ ಕಣ್ಣುಗಳು ಸವೆಯದೆ ಉಳಿದಿದ್ದರೆ ಕ್ರಾಸ್ ಬದಲಾವಣೆಗಿಂತ ಉತ್ತಮವಾದದ್ದಿಲ್ಲ. ಬೆಲೆ ಇಡೀ ಶಾಫ್ಟಿನ ಒಂದು ಸಣ್ಣ ಭಾಗ ಮಾತ್ರ. ಬಿಡಿಭಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಷ್ಟೇ ಅಲ್ಲ, ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಸಿಗುತ್ತದೆ. ಒಂದೇ ಮಾದರಿಯ ಜೀಪಿನಲ್ಲೂ ವರ್ಷಕ್ಕೊಂದು ಅಳತೆ ಇರುವ ಸಾಧ್ಯತೆ ಇರುವುದರಿಂದ ಗಾಡಿಯ ಹೆಸರು ಹೇಳಿ ಕೊಳ್ಳುವ ಬದಲು ಹಳೆಯ ಕ್ರಾಸನ್ನೇ ಒಯ್ದು, ಕಪ್ಪಿನ ವ್ಯಾಸವನ್ನೂ ಎದುರುಬದುರು ಕಪ್ಪುಗಳ ನಡುವಿನ ಉದ್ದವನ್ನೂ ವರ್ನಿಯರ್‌ನಿಂದ ಅಳೆಸಿ ಕೊಳ್ಳಬೇಕು. ಶಾಫ್ಟಿನ ಒಂದು ತುದಿಯ ಕ್ರಾಸ್ ಹೋಗಿದ್ದರೆ ಇನ್ನೊಂದು ತುದಿಯದನ್ನೂ ಜೊತೆಗೇ ಬದಲಿಸುವುದು ಜಾಣತನ, ಏಕೆಂದರೆ ಬಿಚ್ಚುವ ಕೂಲಿ ಒಂದೇ.

ಇಲ್ಲಿ ಇನ್ನೊಂದು ಆಯ್ಕೆಯೂ ಇದೆ: ಗ್ರೀಸ್ ನಿಪ್ಪಲ್ (ಗ್ರೀಸ್ ಗನ್ ಹಚ್ಚುವ ಬಾಯಿ) ಇರುವ ಕ್ರಾಸೋ, ನಿಪ್ಪಲ್ ಇಲ್ಲದ ಸೀಲ್ ಮಾಡಿದ ಕ್ರಾಸೋ. ನಿಪ್ಪಲ್ ಇಲ್ಲದ್ದು ಒಳಗೆ ರಂಧ್ರ ಕೊರೆಯದ ಗಟ್ಟಿ ಉಕ್ಕಾದ್ದರಿಂದ ಬಲದಲ್ಲಿ ಒಂದು ಕೈ ಮೇಲು, ಆರೈಕೆಯೂ ಬೇಡ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳ ದಾಟುವ ಗಾಡಿಗೆ ನಾನು ನಿಪ್ಪಲ್ ಇರುವುದನ್ನೇ ಸೂಚಿಸುತ್ತೇನೆ. ಒಳಗೆ ಹೊಕ್ಕ ನೀರನ್ನು ಹೊಸ ಗ್ರೀಸಿನಿಂದ ಹೊರದಬ್ಬುವ ಅನುಕೂಲ ಅದರಲ್ಲಿ ಮಾತ್ರ ಇದೆ. ನಾಲ್ಕೂ ಕಪ್ಪುಗಳ ಬಾಯಿಂದ ಗ್ರೀಸ್ ಹೊರಬರುವವರೆಗೆ ಗನ್ ಒತ್ತಬೇಕು. ಮೂರರಿಂದ ಬಂದು ನಾಲ್ಕನೆಯದರಿಂದ ಬಾರದಿದ್ದರೆ ಆ ಕಾಲಿಗೆ ಗ್ರೀಸ್ ತಲುಪಿಯೇ ಇಲ್ಲ, ಕ್ರಾಸ್ ಮೊದಲು ಸಾಯುವುದು ಅಲ್ಲೇ. ವರ್ಷಕ್ಕೊಮ್ಮೆ ಸರ್ವಿಸಿಗೆ ಬಿಡುವಾಗಲೂ ಗ್ರೀಸ್ ನೆನಪಾಗದ ಮನೆಯಾದರೆ ಮಾತ್ರ ಸೀಲ್ ಮಾಡಿದ್ದೇ ವಾಸಿ.

ಜೋಡಿಸುವಾಗ ನೋಡಬೇಕಾದ ಸಂಗತಿ ಮೂರೋ ನಾಲ್ಕೋ. ಬಿಚ್ಚುವ ಮೊದಲೇ ಫ್ಲ್ಯಾಂಜಿಗೂ ಸ್ಲಿಪ್ ಜಾಯಿಂಟಿನ ಎರಡೂ ಭಾಗಗಳಿಗೂ ಬಣ್ಣದಿಂದ ಗುರುತು ಹಾಕಿಸಬೇಕು. ಕೋನದಲ್ಲಿ ಕೆಲಸ ಮಾಡುವ ಕ್ರಾಸ್ ಒಂದು ಸುತ್ತಿನಲ್ಲಿ ಎರಡು ಬಾರಿ ವೇಗವನ್ನು ಏರಿಸಿ ಇಳಿಸುತ್ತದೆ; ಶಾಫ್ಟಿನ ಎರಡೂ ತುದಿಯ ಯೋಕುಗಳು ಒಂದೇ ಸಮತಲದಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಸರಿದೂಗಿಸುತ್ತದೆ. ಸ್ಪ್ಲೈನನ್ನು ಒಂದು ಹಲ್ಲು ತಪ್ಪಿಸಿ ಜೋಡಿಸಿದರೂ ಈ ಹೊಂದಾಣಿಕೆ ಮುರಿದು, ಹೊಸ ಕ್ರಾಸ್ ಹಾಕಿದ ಮೇಲೆಯೇ ಕಂಪನ ಶುರುವಾಗುತ್ತದೆ. ಕೊಳವೆಯನ್ನು ವೈಸಿಗೆ (ಬಿಗಿಹಿಡಿಯುವ ಇಕ್ಕಳ) ಕಚ್ಚಿಸಿ ಸುತ್ತಿಗೆಯಿಂದ ಹೊಡೆಯುವ ಅಭ್ಯಾಸವಿರುವ ಕಡೆ ಕೆಲಸ ಕೊಡಬಾರದು, ಕಚ್ಚಿಸಬೇಕಾದದ್ದು ಯೋಕನ್ನು. ಕಪ್ ಒತ್ತುವಾಗ ಒಂದು ನೀಡಲ್ ಅಡ್ಡಬಿದ್ದರೂ ಕಪ್ ಜಾರದಂತೆ ಹಿಡಿಯುವ ಸರ್ಕ್ಲಿಪ್ ತನ್ನ ತೋಡಿನಲ್ಲಿ ಕೂರುವುದಿಲ್ಲ, ಆಗ ಬಲವಂತ ಮಾಡದೆ ಬಿಚ್ಚಿ ನೋಡಬೇಕು. ಫ್ಲ್ಯಾಂಜಿಗೆ ಹಾರ್ಡ್‌ವೇರ್ ಅಂಗಡಿಯ ಸಾಧಾರಣ ಬೋಲ್ಟುಗಳನ್ನು ಹಾಕುವುದು ಅಪಾಯ, ಹೈಟೆನ್ಸಿಲ್ ಬೋಲ್ಟುಗಳೇ ಆಗಬೇಕು.

ಆಯ್ಕೆ ಎರಡು: ಲೇತ್ ಕೆಲಸ

ಕೊಳವೆ ಬಾಗಿದಾಗ, ಸ್ಪ್ಲೈನ್ ಸವೆದಾಗ, ಅಥವಾ ಸ್ಪ್ರಿಂಗ್ ಪಟ್ಟಿ ಏರಿಸಿ, ಅದನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಉದ್ದ ಮಾಡಿ ಗಾಡಿಯನ್ನು ಎತ್ತರಿಸಿರುವುದರಿಂದ ಶಾಫ್ಟಿನ ಉದ್ದವೇ ಸಾಲದಾದಾಗ ಲೇತಿನವರ ಮೊರೆಹೋಗಬೇಕಾಗುತ್ತದೆ. ಹೊಸ ಕೊಳವೆ, ಹೊಸ ಸ್ಪ್ಲೈನ್ ತುಂಡು ಬೆಸೆದು ಹಳೆಯ ಯೋಕುಗಳನ್ನು ಉಳಿಸಿಕೊಡುತ್ತಾರೆ. ಈ ಕೆಲಸದ ಗುಣಮಟ್ಟವನ್ನು ನಿರ್ಧರಿಸುವುದು ಒಂದೇ ಪ್ರಶ್ನೆ: ಅಲ್ಲಿ ಬ್ಯಾಲೆನ್ಸಿಂಗ್ ಯಂತ್ರ ಇದೆಯೇ? ಲಾರಿ, ಬಸ್ಸುಗಳ ಶಾಫ್ಟ್ ಕೆಲಸ ನಡೆಯುವ ದೊಡ್ಡ ಊರುಗಳಲ್ಲಿ ಅಂಥ ಯಂತ್ರವಿರುವ ಕಾರ್ಖಾನೆಗಳಿರುತ್ತವೆ. ಯಂತ್ರವಿಲ್ಲದೆ ಕಣ್ಣಳತೆಯಲ್ಲಿ ಬೆಸೆದ ಶಾಫ್ಟ್ ತೋಟದ ದಾರಿಗೆ ಸಾಕು, ಹೆದ್ದಾರಿಗೆ ಸಲ್ಲದು. ಸವೆದ ಸ್ಪ್ಲೈನಿನ ಹಲ್ಲುಗಳ ಮೇಲೆ ಬೆಸುಗೆ ತುಂಬಿ ಮತ್ತೆ ಹಲ್ಲು ತೆಗೆಯುತ್ತೇವೆ ಎಂದರೆ ಒಪ್ಪಬೇಡಿ. ಉಕ್ಕಿನ ಹದ ಆ ಕಾವಿನಲ್ಲಿ ಕೆಟ್ಟಿರುತ್ತದೆ.

ಗಾಡಿ ಎತ್ತರಿಸಿದವರಿಗೆ ಒಂದು ಕಿವಿಮಾತು. ಶಾಫ್ಟ್ ಉದ್ದ ಮಾಡಿಸುವುದರಿಂದ ಉದ್ದದ ಸಮಸ್ಯೆ ತೀರುತ್ತದೆ, ಕೋನದ ಸಮಸ್ಯೆ ತೀರುವುದಿಲ್ಲ. ಎರಡೂ ತುದಿಯ ಕೋನಗಳು ಒಂದು ಡಿಗ್ರಿಯ ಒಳಗಿನ ವ್ಯತ್ಯಾಸದಲ್ಲಿ ಸಮವಾಗಿರಬೇಕು, ಇಲ್ಲವಾದರೆ ಎಂಥ ಬ್ಯಾಲೆನ್ಸಿಂಗ್ ಮಾಡಿಸಿದರೂ ಕಂಪನ ನಿಲ್ಲದು.

ಆಯ್ಕೆ ಮೂರು: ಗುಜರಿ ಶಾಫ್ಟ್

ಗುಜರಿಯ ಶಾಫ್ಟನ್ನು ತಾತ್ಸಾರ ಮಾಡುವವರು ಬಹಳ, ಆದರೆ ಕಂಪನಿಯ ಮೂಲ ಉಕ್ಕಿನ ಗಟ್ಟಿ ಸ್ಪ್ಲೈನ್ ಸಿಗುವುದಾದರೆ ಅಗ್ಗದ ನಕಲಿ ಹೊಸದಕ್ಕಿಂತ ನಾನು ಅದನ್ನೇ ಆರಿಸುತ್ತೇನೆ. ಕ್ರಾಸ್ ಹೇಗಿದೆ ಎಂದು ಅಲ್ಲಿ ನೋಡಬೇಕಿಲ್ಲ, ಅದನ್ನು ಹೇಗಿದ್ದರೂ ಬದಲಿಸುತ್ತೇವೆ. ನೋಡಬೇಕಾದದ್ದು ಸ್ಪ್ಲೈನ್, ಯೋಕಿನ ಕಣ್ಣು, ಕೊಳವೆಯ ಮೇಲಿನ ಗುಳಿ ಮತ್ತು ಫ್ಲ್ಯಾಂಜಿನ ಬೋಲ್ಟ್ ತೂತುಗಳ ಅಂತರ. ಕಪ್ಪು ಪೇಂಟ್ ಹೊಸದಾಗಿ ಬಳಿದಿದ್ದರೆ ಕೊಳವೆಯನ್ನು ಉಗುರಿನಿಂದ ಕೆರೆದು ಬೆಸುಗೆಯ ಗೆರೆ ಹುಡುಕಿ. ಸ್ಲಿಪ್ ಜಾಯಿಂಟಿನ ಎರಡೂ ಭಾಗಗಳು ಒಂದೇ ಗಾಡಿಯಿಂದ ಬಂದಿರಬೇಕು. ತಂದ ಮೇಲೆ ಬ್ಯಾಲೆನ್ಸಿಂಗ್ ಮಾಡಿಸುವ ಖರ್ಚನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ಆಯ್ಕೆ ನಾಲ್ಕು: ಹೊಸ ಶಾಫ್ಟ್

ವಾರಕ್ಕೊಮ್ಮೆಯಾದರೂ ಹೆದ್ದಾರಿ ಹಿಡಿಯುವ ಗಾಡಿಯಲ್ಲಿ ಸ್ಪ್ಲೈನ್ ಸವೆದಿದ್ದರೆ, ಬ್ಯಾಲೆನ್ಸ್ ಆಗಿ ಬರುವ ಹೊಸ ಅಸೆಂಬ್ಲಿಯೇ ಸರಿ. ಬೆಲೆ ಹೆಚ್ಚು, ಹಳೆಯ ಮಾದರಿಗಳಿಗೆ ಕಾಯಬೇಕಾಗಲೂಬಹುದು. ಆದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ ಮತ್ತು ಯಾರ ಕೈಗುಣವನ್ನೂ ನಂಬಬೇಕಿಲ್ಲ. ಕೇವಲ ಕ್ರಾಸ್ ಸವೆದ ಗಾಡಿಗೆ ಹೊಸ ಶಾಫ್ಟ್ ಹಾಕಿಸುವುದು ದುಂದು ಎಂಬ ಮಾತನ್ನೂ ಇಲ್ಲೇ ಹೇಳಿಬಿಡಬೇಕು.

ಮುಂದಿನ ಆಕ್ಸಲ್ಲಿನ ಕೀಲುಗಳು

ಫೋರ್ ವೀಲ್ ಡ್ರೈವ್ ಹಾಕಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಮುಂದಿನಿಂದ ಕಟಕಟ ಸದ್ದು ಬಂದರೆ ಅದು ಪ್ರೊಪೆಲ್ಲರ್ ಶಾಫ್ಟಿನದಲ್ಲ, ಚಕ್ರದ ಬಳಿಯ ಸಿ.ವಿ. ಜಾಯಿಂಟಿನದು (ಚಕ್ರ ತಿರುಗಿದಾಗಲೂ ಒಂದೇ ಸಮನಾದ ವೇಗದಲ್ಲಿ ಶಕ್ತಿ ಒಯ್ಯುವ ಕೀಲು). ಜಿಪ್ಸಿಯಲ್ಲಿ ಅದು ಸ್ಟೇರಿಂಗ್ ನಕಲ್‌ನ (ಸ್ಟೇರಿಂಗಿನೊಡನೆ ಚಕ್ರ ಹೊರಳುವ ಗೆಣ್ಣು) ಗೋಳದೊಳಗೆ ಗ್ರೀಸಿನಲ್ಲಿ ಮುಳುಗಿ ಕುಳಿತಿರುತ್ತದೆ. ನಕಲ್ ಸೀಲಿನ ಹೊರಗೆ ತೆಳು ಎಣ್ಣೆ ಜಿನುಗುತ್ತಿದ್ದರೆ ಒಳಗಿನ ಆಕ್ಸಲ್ ಸೀಲ್ ಒಡೆದು ಡಿಫರೆನ್ಷಿಯಲ್ ಆಯಿಲ್ ಗ್ರೀಸನ್ನು ಕರಗಿಸುತ್ತಿದೆ. ಸೀಲ್ ಬದಲಿಸಿ, ಗ್ರೀಸ್ ಪೂರ್ತಿ ತೆಗೆದು ಹೊಸದು ತುಂಬಿಸಿದರೆ ಜಾಯಿಂಟ್ ಉಳಿಯಬಹುದು. 2010ರಲ್ಲಿ ಬಂದ ಮಹೀಂದ್ರ ಥಾರ್‌ನ ಸಿಆರ್‌ಡಿಇ ಮಾದರಿಯಂಥ, ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇರುವ ಗಾಡಿಯಲ್ಲಿ ಇದೇ ಕೀಲು ರಬ್ಬರ್ ಬೂಟಿನೊಳಗೆ ಬಯಲಿನಲ್ಲಿರುತ್ತದೆ. ಬೂಟ್ ಹರಿದದ್ದು ಕೂಡಲೇ ಕಂಡರೆ ಬೂಟ್ ಮತ್ತು ಗ್ರೀಸ್ ಸಾಕು. ಸದ್ದು ಶುರುವಾದ ಮೇಲೆ ಬೂಟ್ ಹಾಕಿಸುವುದು ವ್ಯರ್ಥ, ಜಾಯಿಂಟೋ ಇಡೀ ಆಕ್ಸಲ್ ಶಾಫ್ಟೋ ಬೇಕು.

ಬಿಡಿಭಾಗಕ್ಕೆ ಕಾಯಬೇಕಾದ ದಿನಗಳಲ್ಲಿ ಒಂದು ಅನುಕೂಲವನ್ನು ಈ ಗಾಡಿಗಳೇ ಕೊಡುತ್ತವೆ. ಹಿಂದಿನ ಶಾಫ್ಟಿನ ಕ್ರಾಸ್ ದಾರಿಯಲ್ಲಿ ಮುರಿದರೆ, ಎರಡೂ ತುದಿ ಫ್ಲ್ಯಾಂಜಿಗೆ ಬೋಲ್ಟ್ ಆಗಿರುವ ಗಾಡಿಯಲ್ಲಿ, ಅದನ್ನು ಬಿಚ್ಚಿ ಡಿಕ್ಕಿಗೆ ಹಾಕಿ, ಮುಂದಿನ ಹಬ್‌ಗಳನ್ನು ಲಾಕ್ ಮಾಡಿ, ಫೋರ್ ವೀಲ್ ಡ್ರೈವಿಗೆ ಹಾಕಿದರೆ ಮುಂದಿನ ಚಕ್ರಗಳ ಬಲದಲ್ಲಿ ನಿಧಾನವಾಗಿ ಊರು ಸೇರಬಹುದು. ಸ್ಲಿಪ್ ಯೋಕ್ ನೇರವಾಗಿ ಟ್ರಾನ್ಸ್‌ಫರ್ ಕೇಸಿನೊಳಕ್ಕೆ ಹೊಕ್ಕಿರುವ ಗಾಡಿಯಲ್ಲಿ ಮಾತ್ರ ಹೀಗೆ ಮಾಡಿದರೆ ಆಯಿಲೆಲ್ಲ ಸೋರಿಹೋಗುತ್ತದೆ. ಹೀಗೆ ಬರುವಾಗ ಕಡಿದಾದ ಏರಿನಲ್ಲಿ ನಿಲ್ಲಿಸಬಾರದು, ನಿಲ್ಲಿಸಲೇಬೇಕಾದರೆ ಚಕ್ರಕ್ಕೆ ಕಲ್ಲು ಕೊಟ್ಟೇ ಇಳಿಯಬೇಕು.